ಹದಿನಾರನೆಯ ವರ್ಷದ ಲೆಕ್ಕ

ಕಂಬಳದ ಕರೆಯ ಬದಿಯಲ್ಲಿ ರಾತ್ರಿ ಎರಡು ಗಂಟೆಗೆ ನಿಂತಿರುವ ಹಿರಿಯರೊಬ್ಬರನ್ನು ‘ಈ ಸಲ ಯಾವ ಜೋಡಿ ಗೆಲ್ಲುತ್ತದೆ?’ ಎಂದು ಕೇಳಿ ನೋಡಿ. ಅವರಿಗೆ ಒಂದು ಅಭಿಪ್ರಾಯ ಖಂಡಿತ ಇರುತ್ತದೆ. ಸಂಜೆಯಿಂದ ಪ್ರತಿಯೊಂದು ಓಟವನ್ನೂ ಅವರು ನೋಡಿದ್ದಾರೆ. ಯಾವ ಕೋಣ ದಣಿದಿದೆ, ಯಾವುದು ಇನ್ನೂ ಹುರುಪಿನಲ್ಲಿದೆ ಎಂಬುದು ಅವರಿಗೆ ಗೊತ್ತು. ಆದರೂ ಅವರು ಹೇಳುವುದು ಒಂದೇ ಮಾತು: ‘ಓಡಲಿ, ನೋಡುವ.’ ಬಂಟ್ವಾಳ ತಾಲೂಕಿನ ಹೊಕ್ಕಾಡಿಗೋಳಿಯಲ್ಲಿ, ಬೆಳ್ತಂಗಡಿ ತಾಲೂಕಿನ ವೇಣೂರು ಪೆರ್ಮುಡದಲ್ಲಿ, ಮೂಡುಬಿದಿರೆಯ ಕಡಲಕೆರೆಯಲ್ಲಿ, ಈ ಮೂರು ಕಡೆಯೂ ನನಗೆ ಸಿಕ್ಕಿದ ಉತ್ತರ ಇದೇ. ತಮ್ಮ ಮೆಚ್ಚಿನ ಜೋಡಿ ಬಲಹೀನವೆಂದು ಊರೆಲ್ಲ ತಿಳಿದಿದ್ದು, ಅದು ಗೆದ್ದೀತೆಂದು ಒಳಗೊಳಗೇ ಅನಿಸಿದಾಗಲಂತೂ ಬಾಯಿ ಮತ್ತಷ್ಟು ಬಿಗಿಯಾಗುತ್ತದೆ. ಹೇಳಿದರೆ ದೃಷ್ಟಿಯಾದೀತು, ಸೋತರೆ ನಗೆಪಾಟಲಾದೀತು.

ವಿದ್ಯಾರ್ಥಿ ಮಿತ್ರರೇ, ಬಲಹೀನರೆನಿಸಿದವರು ಗೆಲ್ಲುತ್ತಾರೆಂದು ಮೊದಲೇ ಹೇಳುವುದು ಏಕೆ ಇಷ್ಟು ಕಷ್ಟ? ಹಾಗೆ ಹೇಳಿದವರ ಮಾತು ನಿಜವಾದಾಗ ಅದು ಜಾಣತನವೋ, ಅದೃಷ್ಟವೋ? ಕರ್ನಾಟಕದ ಕ್ರೀಡಾ ಇತಿಹಾಸದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಲು ತಕ್ಕ ಒಂದು ಪಂದ್ಯವಿದೆ. ಅದು ನಡೆದದ್ದು 1974ರ ಮಾರ್ಚ್ ತಿಂಗಳಲ್ಲಿ, ಬೆಂಗಳೂರಿನಲ್ಲಿ. ನಾನು ಆಗ ಹುಟ್ಟಿರಲಿಲ್ಲ. ನನಗೆ ಅದರ ಕಥೆ ಬಂದದ್ದು ಬೆಳ್ತಂಗಡಿಯ ಕಡೆ ಇರುವ ನನ್ನ ಸೋದರಮಾವನಿಂದ.

ನಮ್ಮ ತಂಡ ಯಾವುದು?

ಕಥೆ ಅರ್ಥವಾಗಬೇಕಾದರೆ ಆಗಿನ ದಕ್ಷಿಣ ಕನ್ನಡವನ್ನು ಸ್ವಲ್ಪ ತಿಳಿಯಬೇಕು. 1956ರ ವರೆಗೆ ಈ ಜಿಲ್ಲೆ ಮದ್ರಾಸು ರಾಜ್ಯದಲ್ಲಿತ್ತು. ಆ ವರ್ಷದ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಸೇರಿತು. ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಎಂದರೆ ನಮ್ಮ ಜಿಲ್ಲೆಯ ಒಬ್ಬ ಕಾಲೇಜು ವಿದ್ಯಾರ್ಥಿಗೆ 1974ರಲ್ಲಿ ‘ಕರ್ನಾಟಕ ತಂಡ’ ಎಂಬ ಮಾತು ಕೆಲವೇ ತಿಂಗಳುಗಳಷ್ಟು ಹಳೆಯದು. ಅದಕ್ಕಿಂತ ಮೊದಲು ಇದ್ದದ್ದು ‘ಮೈಸೂರು ತಂಡ’. ಘಟ್ಟದ ಕೆಳಗಿನವರಿಗೆ ಆ ಹೆಸರು ಪೂರ್ತಿಯಾಗಿ ತಮ್ಮದೆನಿಸಿರಲಿಲ್ಲ.

ಇದಕ್ಕೆ ಪ್ರತಿಯಾಗಿ ಬೊಂಬಾಯಿ ಬಹಳ ಹತ್ತಿರದ್ದಾಗಿತ್ತು. ಭೂಪಟದಲ್ಲಿ ಅಲ್ಲ, ಮನೆಗಳಲ್ಲಿ. ಕರಾವಳಿಯ ಸಾವಿರಾರು ಮನೆಗಳಿಂದ ಒಬ್ಬ ಮಗನಾದರೂ ಅಲ್ಲಿ ದುಡಿಯುತ್ತಿದ್ದ. ಹಗಲು ಹೋಟೆಲಿನಲ್ಲಿ ಕೆಲಸ, ಸಂಜೆ ರಾತ್ರಿಶಾಲೆಯಲ್ಲಿ ಪಾಠ, ತಿಂಗಳಿಗೊಮ್ಮೆ ಊರಿಗೆ ಮನಿಆರ್ಡರು: ಈ ಬಗೆಯ ಬದುಕಿನಿಂದ ಎಷ್ಟೋ ಕುಟುಂಬಗಳು ಮೇಲೆ ಬಂದವು. ನನ್ನ ಮಾವನ ಅಣ್ಣನೂ ಹಾಗೆ ಹೋದವರು. ಅವರು ರಜೆಯಲ್ಲಿ ಬಂದಾಗ ತರುತ್ತಿದ್ದದ್ದು ಬಟ್ಟೆ, ಬಿಸ್ಕತ್ತು ಮತ್ತು ಕ್ರಿಕೆಟಿನ ಕಥೆಗಳು. ಅಜಿತ್ ವಾಡೇಕರ್, ಸುನಿಲ್ ಗವಾಸ್ಕರ್, ಏಕನಾಥ ಸೋಲ್ಕರ್ ಆ ಮನೆಯಲ್ಲಿ ನೆಂಟರ ಹೆಸರುಗಳಂತೆ ಕೇಳಿಬರುತ್ತಿದ್ದವು. ಮಾವ ಬೊಂಬಾಯಿಯ ಅಭಿಮಾನಿ. ಅವರಿಗೆ ಅದರಲ್ಲಿ ಯಾವ ಸಂಕೋಚವೂ ಇರಲಿಲ್ಲ.

ಅಭಿಮಾನಪಡಲು ಕಾರಣವೂ ಇತ್ತು. 1958-59ರಿಂದ 1972-73ರ ವರೆಗೆ, ಸತತ 15 ಋತುಗಳಲ್ಲಿ ರಣಜಿ ಟ್ರೋಫಿ ಬೊಂಬಾಯಿಯದೇ ಆಗಿತ್ತು. 1959-60ರ ಅಂತಿಮ ಪಂದ್ಯದಲ್ಲಿ ಸೋತ ತಂಡ ನಮ್ಮ ಮೈಸೂರೇ. 1971ರಲ್ಲಿ ಬೊಂಬಾಯಿಯ ಮುಖ್ಯ ಆಟಗಾರರು ಭಾರತ ತಂಡದೊಡನೆ ವೆಸ್ಟ್ ಇಂಡೀಸಿಗೆ ಹೋಗಿದ್ದರು. ಆಗ ಉಳಿದ ಆಟಗಾರರೇ ಆಡಿ ಟ್ರೋಫಿ ಗೆದ್ದರು. 1973ರ ಅಂತಿಮ ಪಂದ್ಯದಲ್ಲಿ ತಮಿಳುನಾಡು ತಂಡ ಚೆನ್ನೈಯ ತನ್ನದೇ ಮೈದಾನದಲ್ಲಿ 80 ಮತ್ತು 61 ರನ್ನುಗಳಿಗೆ ಉರುಳಿತು. ಮೂರನೆಯ ದಿನದ ಮೊದಲ ಎಸೆತಕ್ಕೇ ಆಟ ಮುಗಿದುಹೋಯಿತು. ಇಂಥ ತಂಡ ಮುಂದಿನ ವರ್ಷ ಸೋಲುತ್ತದೆಂದು ಯಾರು ಹೇಳಿಯಾರು?

ಒಂದು ಅಂಚೆ ಕಾರ್ಡು

1973-74ರ ಋತುವಿನಲ್ಲಿ ಕರ್ನಾಟಕ ಉಪಾಂತ್ಯಕ್ಕೆ ಬಂತು. ಎದುರಾಳಿ ಬೊಂಬಾಯಿ. ಸ್ಥಳ ಇಂದು ಚಿನ್ನಸ್ವಾಮಿ ಕ್ರೀಡಾಂಗಣವೆಂದು ಹೆಸರಾಗಿರುವ ಬೆಂಗಳೂರಿನ ಮೈದಾನ. ಆ ಮಾರ್ಚ್ ತಿಂಗಳಲ್ಲಿ ಬೆಳ್ತಂಗಡಿಯ ಚಹಾದಂಗಡಿಗಳಲ್ಲಿ ಮುಖ್ಯವಾದ ಮಾತು ಕ್ರಿಕೆಟಿನದಲ್ಲ. ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆ ಮಾರ್ಚ್ 1ರಂದು ಜಾರಿಗೆ ಬಂದಿತ್ತು. ಗೇಣಿಗೆ ಮಾಡುವ ಗದ್ದೆ ತನ್ನದಾಗುತ್ತದೋ ಇಲ್ಲವೋ ಎಂಬುದು ಮನೆಮನೆಯ ಪ್ರಶ್ನೆಯಾಗಿತ್ತು. ಅದರ ನಡುವೆ ನನ್ನ ಮಾವ ತಮ್ಮ ಅಣ್ಣನಿಗೆ ಒಂದು ಕಾರ್ಡು ಬರೆದರು. ಮನೆಯ ಸಮಾಚಾರ ಮುಗಿದ ಮೇಲೆ ಕೊನೆಯ ಎರಡು ಸಾಲಿನಲ್ಲಿ, ಬರೆಯಲು ಮನಸ್ಸಿಲ್ಲದಿದ್ದರೂ ಬರೆಯುತ್ತಿದ್ದೇನೆ, ಈ ಸಲ ಬೆಂಗಳೂರಿನಲ್ಲಿ ಕರ್ನಾಟಕ ಮೇಲಾಗಬಹುದು ಎಂದು ತಿಳಿಸಿದರು.

ಇದು ಆಸೆಯ ಮಾತಲ್ಲ. ಅವರ ಆಸೆ ಬೊಂಬಾಯಿಯ ಕಡೆಗಿತ್ತು. ಹಾಗಾದರೆ ಏಕೆ ಬರೆದರು? ನಾನು ದೊಡ್ಡವನಾದ ಮೇಲೆ ಕೇಳಿದೆ. ಅವರು ಮೂರು ಕಾರಣಗಳನ್ನು ಹೇಳಿದರು. ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಆ ಮೂರೂ ಇಂದಿಗೂ ಸರಿಯಾಗಿಯೇ ಕಾಣುತ್ತವೆ.

ಮೊದಲನೆಯದು ಆಟಗಾರರು. ತಂಡಕ್ಕೆ ಟ್ರೋಫಿ ಇರಲಿಲ್ಲ, ಆದರೆ ಆಟಗಾರರು ಬಲಹೀನರಾಗಿರಲಿಲ್ಲ. ನಾಯಕ ಎರಪಳ್ಳಿ ಪ್ರಸನ್ನ ದೇಶದ ಶ್ರೇಷ್ಠ ಆಫ್‌ಸ್ಪಿನ್ನರ್. ಭಾಗವತ್ ಚಂದ್ರಶೇಖರ್ 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಗೆಲುವು ತಂದವರು. 1972-73ರಲ್ಲಿ ಅದೇ ಇಂಗ್ಲೆಂಡಿನ ವಿರುದ್ಧ ಒಂದೇ ಸರಣಿಯಲ್ಲಿ 35 ವಿಕೆಟ್ ಪಡೆದವರು. ಗುಂಡಪ್ಪ ವಿಶ್ವನಾಥ್ ತಮ್ಮ ಮೊದಲ ಟೆಸ್ಟಿನಲ್ಲೇ ಆಸ್ಟ್ರೇಲಿಯಾದ ವಿರುದ್ಧ 137 ಹೊಡೆದವರು. ‘ಮೈಸೂರು ಯಾವತ್ತೂ ಗೆದ್ದಿಲ್ಲ’ ಎಂಬುದು ತಂಡದ ಹೆಸರಿನ ಇತಿಹಾಸ. ಆ ದಿನ ಮೈದಾನಕ್ಕೆ ಇಳಿಯುವ ಹನ್ನೊಂದು ಮಂದಿಯ ಇತಿಹಾಸ ಬೇರೆ.

ಎರಡನೆಯದು ಸ್ಥಳ. ಪಂದ್ಯ ಬೆಂಗಳೂರಿನಲ್ಲಿ. ಪ್ರಸನ್ನ ಮತ್ತು ಚಂದ್ರಶೇಖರ್ ಬೆಳೆದ ಊರು, ಪರಿಚಯದ ಗಾಳಿ, ತುಂಬಿದ ಪ್ರೇಕ್ಷಕರು.

ಮೂರನೆಯದು ನಿಯಮ. ರಣಜಿಯ ನಾಕೌಟ್ ಪಂದ್ಯ ಪೂರ್ತಿಯಾಗದೆ ಡ್ರಾ ಆದರೆ ಮೊದಲ ಇನಿಂಗ್ಸಿನಲ್ಲಿ ಹೆಚ್ಚು ರನ್ ಗಳಿಸಿದ ತಂಡ ಮುಂದಕ್ಕೆ ಹೋಗುತ್ತದೆ. ಬೊಂಬಾಯಿಯನ್ನು ಎರಡು ಸಲ ಔಟ್ ಮಾಡಿ ಗೆಲ್ಲಬೇಕಾಗಿಲ್ಲ. ಒಂದು ಸಲ ಚೆನ್ನಾಗಿ ಆಡಿ, ಒಂದು ಸಲ ಔಟ್ ಮಾಡಿದರೆ ಸಾಕು. ಆಟ ಚಿಕ್ಕದಾದಷ್ಟೂ ಬಲಿಷ್ಠರಿಗೆ ತಪ್ಪನ್ನು ತಿದ್ದಿಕೊಳ್ಳುವ ಅವಕಾಶ ಕಡಿಮೆ. ಇದನ್ನು ಮಾವ ಗಣಿತದ ಪುಸ್ತಕದಿಂದ ಕಲಿತದ್ದಲ್ಲ. ಕಂಬಳದಿಂದ ಕಲಿತದ್ದು. ಹದಿಮೂರು ಹದಿನಾಲ್ಕು ಸೆಕೆಂಡಿನ ಓಟದಲ್ಲಿ ಒಂದು ಸಲ ಕಾಲು ಜಾರಿದರೆ ಎಂಥ ಹೆಸರುವಾಸಿ ಜೋಡಿಯೂ ಮನೆಗೆ ಹೋಗಬೇಕಾಗುತ್ತದೆ.

ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. 1974ರಲ್ಲಿ ಕ್ರಿಕೆಟ್ ಎಂದರೆ ರೇಡಿಯೋ, ಮತ್ತು ಮರುದಿನ ಬಸ್ಸಿನಲ್ಲಿ ಬರುವ ಪತ್ರಿಕೆ. ಕರ್ನಾಟಕ ಮೊದಲು ಆಡಿ 385 ರನ್ ಗಳಿಸಿತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಬೊಂಬಾಯಿಯ ಸರದಿ ಬಂದಾಗ ಪ್ರಸನ್ನರ ತೇಲಿ ಬಂದು ತಿರುಗಿದ ಎಸೆತಕ್ಕೆ ಗವಾಸ್ಕರ್ ಬೌಲ್ಡ್ ಆದರು. ಆ ಎಸೆತದ ಬಗ್ಗೆ ಬೆಂಗಳೂರಿನ ಹಿರಿಯರು ಇಂದಿಗೂ ಮಾತನಾಡುತ್ತಾರೆ. ವಾಡೇಕರ್ ಮತ್ತು ಅಶೋಕ್ ಮಂಕಡ್ ಇನಿಂಗ್ಸನ್ನು ನಿಲ್ಲಿಸಿದರು. ಪಂದ್ಯ ಮತ್ತೆ ಬೊಂಬಾಯಿಯ ಕಡೆ ವಾಲುತ್ತಿದೆ ಎನ್ನುವಾಗ ರನ್ನಿಗೆ ಓಡುತ್ತಿದ್ದ ವಾಡೇಕರ್ ಕಾಲು ಜಾರಿ ಬಿದ್ದು ರನೌಟ್ ಆದರು. ಕಂಬಳದ ಮಾತು ಅಕ್ಷರಶಃ ನಿಜವಾಯಿತು. ಬೊಂಬಾಯಿ 307ಕ್ಕೆ ಮುಗಿಯಿತು. 78 ರನ್ನಿನ ಮುನ್ನಡೆಯೊಡನೆ ಕರ್ನಾಟಕ ಅಂತಿಮ ಪಂದ್ಯಕ್ಕೆ ಹೋಯಿತು. ಜೈಪುರದಲ್ಲಿ ರಾಜಸ್ಥಾನವನ್ನು 185 ರನ್ನಿನಿಂದ ಸೋಲಿಸಿ ಮೊದಲ ಬಾರಿಗೆ ಟ್ರೋಫಿ ಎತ್ತಿತು.

ಮಾವ ಹೇಳುವ ಪ್ರಕಾರ, ಆ ಸಂಜೆ ಅವರಿಗೆ ಸಂತೋಷವೂ ಆಯಿತು, ಊಟವೂ ಸೇರಲಿಲ್ಲ. ಆದರೆ ಮರುದಿನದಿಂದ ‘ನಮ್ಮ ತಂಡ’ ಎಂದರೆ ಯಾವುದು ಎಂಬ ಪ್ರಶ್ನೆ ಅವರ ಮನಸ್ಸಿನಲ್ಲಿ ಮತ್ತೆ ಏಳಲಿಲ್ಲ. ಭೂಪಟದಲ್ಲಿ 1956ರಲ್ಲಿ ಆದದ್ದು ಅವರ ಪಾಲಿಗೆ 1974ರಲ್ಲಿ ಪೂರ್ತಿಯಾಯಿತು. ಇನ್ನೆಷ್ಟು ಮಂದಿಗೆ ಹಾಗಾಯಿತೋ, ಅದು ಯಾವ ಅಂಕಪಟ್ಟಿಯಲ್ಲೂ ಸಿಗುವುದಿಲ್ಲ.

ಯಾವುದು ಪವಾಡ?

ಈಗ ನಾವು ಸ್ವಲ್ಪ ಲೆಕ್ಕ ಮಾಡೋಣ. ಬೊಂಬಾಯಿ ಸೋತದ್ದನ್ನು ಎಲ್ಲರೂ ಪವಾಡವೆಂದರು. ಆದರೆ ಪವಾಡ ಯಾವುದು, ಹದಿನಾರನೆಯ ವರ್ಷದ ಸೋಲೋ, ಅದಕ್ಕಿಂತ ಮೊದಲಿನ ಹದಿನೈದು ವರ್ಷಗಳ ಗೆಲುವೋ?

ಸುಲಭಕ್ಕಾಗಿ, ಪ್ರಶಸ್ತಿಗೆ ವರ್ಷಕ್ಕೆ ಮೂರು ನಾಕೌಟ್ ಪಂದ್ಯ ಗೆಲ್ಲಬೇಕು ಎಂದಿಟ್ಟುಕೊಳ್ಳಿ. ಬೊಂಬಾಯಿ ಎಷ್ಟು ಬಲಿಷ್ಠವೆಂದರೆ ಹತ್ತು ಪಂದ್ಯಗಳಲ್ಲಿ ಒಂಬತ್ತನ್ನು ಗೆಲ್ಲುತ್ತದೆ ಎನ್ನೋಣ. ಆಗ ಒಂದು ವರ್ಷ ಪ್ರಶಸ್ತಿ ಗೆಲ್ಲುವ ಸಂಭವನೀಯತೆ 0.9 × 0.9 × 0.9, ಅಂದರೆ 0.729. ನೂರಕ್ಕೆ ಸುಮಾರು 73. ಇದೇ ಸಂಖ್ಯೆಯನ್ನು ಹದಿನೈದು ಸಲ ಗುಣಿಸಿ ನೋಡಿ. ಸತತ ಹದಿನೈದು ವರ್ಷ ಗೆಲ್ಲುವ ಸಂಭವನೀಯತೆ ನೂರಕ್ಕೆ ಒಂದಕ್ಕೂ ಕಡಿಮೆ! ಬೊಂಬಾಯಿ ಇನ್ನೂ ಬಲಿಷ್ಠ, ಇಪ್ಪತ್ತು ಪಂದ್ಯಗಳಲ್ಲಿ ಹತ್ತೊಂಬತ್ತನ್ನು ಗೆಲ್ಲುತ್ತದೆ ಎಂದರೂ ಹದಿನೈದು ವರ್ಷದ ಸರಪಳಿಯ ಸಂಭವನೀಯತೆ ನೂರಕ್ಕೆ ಸುಮಾರು ಹತ್ತು ಮಾತ್ರ.

ನಿಜವಾದ ಆಟ ಈ ಲೆಕ್ಕದಷ್ಟು ಸರಳವಲ್ಲ ಎಂಬುದು ನಿಜ. ಒಂದು ವರ್ಷದ ಗೆಲುವು ಮುಂದಿನ ವರ್ಷಕ್ಕೆ ಧೈರ್ಯ ಕೊಡುತ್ತದೆ, ಎದುರಾಳಿಗೆ ಭಯ ಹುಟ್ಟಿಸುತ್ತದೆ. ಆದರೂ ಲೆಕ್ಕ ಒಂದು ವಿಷಯವನ್ನು ಸ್ಪಷ್ಟಗೊಳಿಸುತ್ತದೆ. ಅಪರೂಪದ್ದು ಸರಪಳಿ, ಅದು ತುಂಡಾಗುವುದಲ್ಲ. ಯಾವಾಗ, ಯಾರಿಂದ ತುಂಡಾಗುತ್ತದೆ ಎಂಬುದಷ್ಟೇ ಪ್ರಶ್ನೆ.

ಆದರೆ ಇದೇ ಲೆಕ್ಕದ ಇನ್ನೊಂದು ಮುಖವನ್ನೂ ಮರೆಯಬಾರದು. ಹದಿನಾರನೆಯ ವರ್ಷದ ಆರಂಭದಲ್ಲಿ, ಬೇರೆ ಏನೂ ತಿಳಿಯದವನು ‘ಯಾರು ಗೆಲ್ಲುತ್ತಾರೆ?’ ಎಂದು ಕೇಳಿದರೆ ಸರಿಯಾದ ಉತ್ತರ ಬೊಂಬಾಯಿಯೇ. ನೂರಕ್ಕೆ 73ರ ಕಡೆ ನಿಲ್ಲುವುದು ತಪ್ಪಲ್ಲ. ಆ ಉತ್ತರವನ್ನು ಬದಲಾಯಿಸಬೇಕಾದರೆ ಹೊಸ ಮಾಹಿತಿ ಬೇಕು. ಮಾವನ ಮೂರು ಕಾರಣಗಳು ಅಂಥ ಮಾಹಿತಿ. ಹಳೆಯ ಅಂಕಿಅಂಶ ಒಂದು ಕೈಯಲ್ಲಿ, ಇಂದಿನ ಗುರುತುಗಳು ಇನ್ನೊಂದು ಕೈಯಲ್ಲಿ. ಇವೆರಡನ್ನೂ ತೂಗುವುದೇ ಭವಿಷ್ಯ ಹೇಳುವ ಕೆಲಸ. ಹವಾಮಾನ ಇಲಾಖೆಯಾಗಲಿ, ವೈದ್ಯರಾಗಲಿ ಮಾಡುವುದು ಇದನ್ನೇ.

ಮಾತನ್ನು ನುಂಗಿದ ಸಂಪಾದಕ

ಹಳೆಯ ಅಂಕಿಅಂಶವನ್ನು ಮಾತ್ರ ನೋಡಿದರೆ ಏನಾಗುತ್ತದೆ ಎಂಬುದಕ್ಕೆ 1983ರ ವಿಶ್ವಕಪ್ ಉದಾಹರಣೆ. 1975ರಲ್ಲಿ ಭಾರತ ಗೆದ್ದದ್ದು ಪೂರ್ವ ಆಫ್ರಿಕಾದ ವಿರುದ್ಧ ಒಂದೇ ಪಂದ್ಯ. 1979ರಲ್ಲಿ ಅದೂ ಇಲ್ಲ. ಆಗ ಟೆಸ್ಟ್ ದರ್ಜೆ ಇಲ್ಲದ ಶ್ರೀಲಂಕಾದ ಎದುರೂ ಸೋಲು. ಲಂಡನಿನಲ್ಲಿ ಪಣ ಕಟ್ಟಿಸಿಕೊಳ್ಳುವವರು ಭಾರತಕ್ಕೆ ಕೊಟ್ಟ ಬೆಲೆ ಒಂದಕ್ಕೆ 66. ಇಂಗ್ಲೆಂಡಿನ ಕ್ರಿಕೆಟ್ ಮಾಸಿಕವೊಂದರ ಸಂಪಾದಕ ಡೇವಿಡ್ ಫ್ರಿತ್, ಹೀಗೆ ಆಡುವ ಭಾರತ ಈ ಸ್ಪರ್ಧೆಯಿಂದ ದೂರ ಉಳಿಯುವುದೇ ಮೇಲು ಎಂಬರ್ಥದಲ್ಲಿ ಬರೆದರು. ಭಾರತವನ್ನು ಲಘುವಾಗಿ ಕಾಣಬೇಡಿ ಎಂದು ಹೇಳಿದ ಕೆಲವೇ ಮಂದಿಯಲ್ಲಿ ಆಸ್ಟ್ರೇಲಿಯಾದ ನಾಯಕ ಕಿಮ್ ಹ್ಯೂಸ್ ಒಬ್ಬರು.

ಗುರುತುಗಳು ಇರಲಿಲ್ಲವೇ? ಇದ್ದವು. ವಿಶ್ವಕಪ್ಪಿಗೆ ಎರಡೂವರೆ ತಿಂಗಳ ಮೊದಲು, 1983ರ ಮಾರ್ಚ್ 29ರಂದು ಬರ್ಬಿಸ್‌ನಲ್ಲಿ ಭಾರತ ವೆಸ್ಟ್ ಇಂಡೀಸನ್ನು ಅವರದೇ ನೆಲದಲ್ಲಿ ಒಂದು ದಿನದ ಪಂದ್ಯದಲ್ಲಿ 27 ರನ್ನಿನಿಂದ ಸೋಲಿಸಿತ್ತು. ಅದನ್ನು ಹೆಚ್ಚಿನವರು ಆಕಸ್ಮಿಕವೆಂದು ಬದಿಗೆ ಸರಿಸಿದರು. ಜೂನಿನಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಭಾರತ ಮತ್ತೆ ಅವರನ್ನು 34 ರನ್ನಿನಿಂದ ಸೋಲಿಸಿತು. ಜೂನ್ 18ರಂದು ಜಿಂಬಾಬ್ವೆಯ ವಿರುದ್ಧ 17 ರನ್ನಿಗೆ 5 ವಿಕೆಟ್ ಬಿದ್ದಾಗ ಕಪಿಲ್ ದೇವ್ ಔಟಾಗದೆ 175 ಹೊಡೆದರು. ಆಗ ಇನ್ನೊಂದು ತುದಿಯಲ್ಲಿ ನಿಂತು ಒಂಬತ್ತನೆಯ ವಿಕೆಟಿಗೆ ಮುರಿಯದ 126 ರನ್ ಸೇರಿಸಿದವರು ನಮ್ಮ ಸೈಯದ್ ಕಿರ್ಮಾನಿ. ಎರಡು ದಿನಗಳ ಬಳಿಕ ಆಸ್ಟ್ರೇಲಿಯಾವನ್ನು ಮನೆಗೆ ಕಳುಹಿಸಿದ ಪಂದ್ಯದಲ್ಲಿ ಬೆಂಗಳೂರಿನ ರೋಜರ್ ಬಿನ್ನಿ 4 ವಿಕೆಟ್ ಪಡೆದರು. ಹ್ಯೂಸ್ ಎಚ್ಚರಿಸಿದ ತಂಡವೇ ಹ್ಯೂಸ್ ಅವರ ದೇಶವನ್ನು ಹೊರಗೆ ಹಾಕಿತು! ಜೂನ್ 25ರ ಅಂತಿಮ ಪಂದ್ಯದಲ್ಲಿ ಭಾರತ 183, ವೆಸ್ಟ್ ಇಂಡೀಸ್ 140. ಆ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಪಡೆದವರು ಬಿನ್ನಿ.

ಓದುಗರೊಬ್ಬರು ಫ್ರಿತ್ ಅವರಿಗೆ, ನಿಮ್ಮ ಮಾತನ್ನು ನೀವೇ ನುಂಗಬೇಕು ಎಂದು ಬರೆದರು. ಫ್ರಿತ್ ನಿಜವಾಗಿಯೂ ಆ ಕಾಗದದ ಚೂರನ್ನು ಬಾಯಿಗೆ ಹಾಕಿಕೊಂಡು, ಅದರ ಚಿತ್ರವನ್ನು ತಮ್ಮ ಪತ್ರಿಕೆಯಲ್ಲೇ ಪ್ರಕಟಿಸಿದರು. ನಾನು ಅವರನ್ನು ನೋಡಿ ನಗುವುದಿಲ್ಲ. ಹೇಳಿದ್ದನ್ನು ಬರೆದಿಟ್ಟು, ತಪ್ಪಾದಾಗ ಒಪ್ಪಿಕೊಂಡ ಭವಿಷ್ಯಕಾರರು ಎಷ್ಟು ಮಂದಿ ಇದ್ದಾರೆ?

ನನ್ನ ಚೀಟಿ

ನಾನೂ ಒಮ್ಮೆ ಹಾಗೆ ಒಪ್ಪಿಕೊಳ್ಳಬೇಕಾಯಿತು. 2024ರ ಏಪ್ರಿಲ್ ಕೊನೆಯ ವಾರ. ವಿದ್ಯಾರ್ಥಿಗಳ ವಿಜ್ಞಾನ ಕಾರ್ಯಕ್ರಮವೊಂದರ ತಯಾರಿಗಾಗಿ ನಾನು ಮೂಡುಬಿದಿರೆಯಲ್ಲಿದ್ದೆ. ಅದೇ ಊರಿನಲ್ಲಿ ನಾನು ಬಿ.ಎಸ್‌ಸಿ. ಓದಿದ್ದು. ವಿಷಯ ಸಂಭವನೀಯತೆ. ಆಗ ಐಪಿಎಲ್‌ನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು 8 ಪಂದ್ಯ ಆಡಿ, ಒಂದನ್ನು ಮಾತ್ರ ಗೆದ್ದು, ಪಟ್ಟಿಯ ತಳದಲ್ಲಿತ್ತು. ಉಳಿದದ್ದು 6 ಪಂದ್ಯ. ವಿದ್ಯಾರ್ಥಿನಿಯೊಬ್ಬಳು, ‘ಸರ್, ಬೆಂಗಳೂರು ಪ್ಲೇಆಫ್‌ಗೆ ಹೋಗುತ್ತದೆಯೇ? ಲೆಕ್ಕ ಮಾಡಿ ಹೇಳಿ’ ಎಂದಳು.

ನಾನು ಬೆಂಗಳೂರಿನ ಅಭಿಮಾನಿ. 2009, 2011, 2016ರ ಅಂತಿಮ ಪಂದ್ಯಗಳ ಮೂರು ಸೋಲುಗಳನ್ನೂ ನೋಡಿದವನು. ಹೇಳಲು ಬಾಯಿ ಬರಲಿಲ್ಲ. ಕೊನೆಗೆ ಲೆಕ್ಕ ಮಾಡಿದೆ. ಆರಕ್ಕೆ ಆರನ್ನೂ ಗೆಲ್ಲಬೇಕು. ಪ್ರತಿ ಪಂದ್ಯವೂ ಸಮಬಲದ್ದು ಎಂದು ಉದಾರವಾಗಿ ತಿಳಿದರೂ ಅರ್ಧವನ್ನು ಆರು ಸಲ ಗುಣಿಸಿದರೆ 64ರಲ್ಲಿ 1. ಅದರ ಮೇಲೆ ಬೇರೆ ತಂಡಗಳ ಫಲಿತಾಂಶವೂ ಅನುಕೂಲವಾಗಬೇಕು, ರನ್ ಸರಾಸರಿಯೂ ಒದಗಬೇಕು. ‘ನೂರಕ್ಕೆ ಒಂದು’ ಎಂದು ಚೀಟಿಯಲ್ಲಿ ಬರೆದು ಕೊಟ್ಟೆ. ಮಾವ ಮನಸ್ಸಿಗೆ ವಿರುದ್ಧವಾಗಿ ಕರ್ನಾಟಕ ಎಂದಿದ್ದರು. ನಾನು ಮನಸ್ಸಿಗೆ ವಿರುದ್ಧವಾಗಿ ಬೆಂಗಳೂರು ಅಲ್ಲ ಎಂದೆ.

ಮುಂದಿನದು ನಿಮಗೆ ಗೊತ್ತು. ಏಪ್ರಿಲ್ 25ರಿಂದ ತಂಡ ಸೋಲಲೇ ಇಲ್ಲ. ಮೇ 18ರಂದು ಬೆಂಗಳೂರಿನಲ್ಲಿ ಚೆನ್ನೈ ವಿರುದ್ಧ ಆರನೆಯ ಪಂದ್ಯ. ಬೆಂಗಳೂರು 218 ಗಳಿಸಿತು. ಚೆನ್ನೈ ಸೋತರೂ 201 ಮುಟ್ಟಿದರೆ ಪ್ಲೇಆಫ್ ಅದರದು. ಕೊನೆಯ ಓವರಿನಲ್ಲಿ ಅದಕ್ಕೆ ಬೇಕಾದದ್ದು 17. ಯಶ್ ದಯಾಳ್ ಹಾಕಿದ ಮೊದಲ ಎಸೆತವನ್ನು ಧೋನಿ ಸಿಕ್ಸರ್ ಹೊಡೆದರು, ಎರಡನೆಯದಕ್ಕೆ ಔಟಾದರು. ಚೆನ್ನೈ 191ಕ್ಕೆ ನಿಂತಿತು. ಎರಡೂ ತಂಡಕ್ಕೆ 14 ಅಂಕ; ರನ್ ಸರಾಸರಿಯಲ್ಲಿ ಬೆಂಗಳೂರು ಮುಂದೆ. ನಾಲ್ಕು ದಿನಗಳ ನಂತರ ಅಹಮದಾಬಾದಿನಲ್ಲಿ ರಾಜಸ್ಥಾನದ ಎದುರು ಅದು ಸೋತು ಹೊರಬಿತ್ತು ಎಂಬುದು ಬೇರೆ ಮಾತು.

ಆ ವಿದ್ಯಾರ್ಥಿನಿಯ ಪತ್ರ ಬಂತು. ‘ನಿಮ್ಮ ಲೆಕ್ಕ ತಪ್ಪಾಯಿತಲ್ಲ ಸರ್?’ ಎಂದು ಕೇಳಿದ್ದಳು. ನಾನು ಎರಡು ಉತ್ತರ ಬರೆದೆ.

ಮೊದಲ ಉತ್ತರ: ನೂರಕ್ಕೆ ಒಂದು ಎಂದರೆ ಸೊನ್ನೆ ಎಂದಲ್ಲ. ನಿಮ್ಮ ಕಾಲೇಜಿನ 64 ಮಂದಿ ಸಾಲಾಗಿ ನಿಂತು ಪ್ರತಿಯೊಬ್ಬರೂ ನಾಣ್ಯವನ್ನು ಆರು ಸಲ ಚಿಮ್ಮಲಿ. ಸರಾಸರಿಯಾಗಿ ಒಬ್ಬರಿಗೆ ಆರಕ್ಕೆ ಆರೂ ತಲೆ ಬೀಳುತ್ತದೆ. ಅವರು ಮಾಂತ್ರಿಕರೂ ಅಲ್ಲ, ಲೆಕ್ಕ ಸುಳ್ಳೂ ಅಲ್ಲ. ಒಂದು ಘಟನೆಯಿಂದ ಒಂದು ಸಂಭವನೀಯತೆಯನ್ನು ತೂಗಲಾಗದು. ನೂರು ಸಲ ‘ನೂರಕ್ಕೆ ಒಂದು’ ಎಂದವನ ಮಾತು ಇಪ್ಪತ್ತು ಸಲ ಸುಳ್ಳಾದರೆ ಆಗ ಅವನನ್ನು ಸಂಶಯಿಸಬೇಕು.

ಎರಡನೆಯ ಉತ್ತರ ಬರೆಯುವುದು ಕಷ್ಟವಾಯಿತು. ನಾನು ಸಂಖ್ಯೆ ನೋಡಿದೆ, ಗುರುತು ನೋಡಲಿಲ್ಲ. ಬೆಂಗಳೂರು ಏಪ್ರಿಲ್ 15ರಂದು ಹೈದರಾಬಾದಿನ 287ಕ್ಕೆ ಎದುರಾಗಿ 262 ಗಳಿಸಿ ಸೋತಿತ್ತು. ಏಪ್ರಿಲ್ 21ರಂದು ಕೋಲ್ಕತ್ತಾದಲ್ಲಿ ಸೋತದ್ದು ಒಂದೇ ಒಂದು ರನ್ನಿನಿಂದ. ಪಟ್ಟಿಯಲ್ಲಿ ಎರಡೂ ಸೋಲೇ. ಆದರೆ 25 ರನ್ನಿನಿಂದ, ಒಂದು ರನ್ನಿನಿಂದ ಸೋತವರು ತಳದ ತಂಡದಂತೆ ಆಡುತ್ತಿರಲಿಲ್ಲ. ರೇಡಿಯೋ ಮಾತ್ರ ಇದ್ದ ಮಾವ ಮೂರು ಗುರುತುಗಳನ್ನು ಕಂಡರು. ಎಲ್ಲ ಪಂದ್ಯಗಳನ್ನೂ ಪರದೆಯ ಮೇಲೆ ನೋಡಿದ ನಾನು ಒಂದನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ. ನಿರಾಸೆಗೆ ಹೆದರಿ ಆಸೆಯನ್ನು ಪಕ್ಕಕ್ಕಿಡುವಾಗ ಕಣ್ಣಿಗೆ ಕಂಡದ್ದನ್ನೂ ಪಕ್ಕಕ್ಕಿಟ್ಟೆ. ಅದನ್ನು ವೈಜ್ಞಾನಿಕ ಮನೋಭಾವವೆಂದು ತಿಳಿದಿದ್ದೆ, ಅದು ಭಯ.

ಇನ್ನೂ ಒಂದು ಬಗೆಯ ಭವಿಷ್ಯವಿದೆ. ‘ಈ ಸಲ ಕಪ್ ನಮ್ದೇ’ ಎಂದು ಪ್ರತಿ ವರ್ಷ ಹೇಳುವವರ ಮಾತು 2025ರ ಜೂನ್ 3ರಂದು, ಹದಿನೆಂಟನೆಯ ಋತುವಿನಲ್ಲಿ ನಿಜವಾಯಿತು. ಹದಿನೆಂಟರಲ್ಲಿ ಒಂದು ಸಲ ನಿಜವಾಗುವುದು ಭವಿಷ್ಯವಲ್ಲ, ಭಕ್ತಿ. ಭಕ್ತಿಯಲ್ಲಿ ತಪ್ಪಿಲ್ಲ. ಆದರೆ ಮರುದಿನ ಬೆಂಗಳೂರಿನಲ್ಲಿ ಸಂಭ್ರಮಕ್ಕೆ ಸೇರಿದ ಜನರ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು ಎಂಬುದನ್ನು ಮರೆತು ಈ ಮಾತನ್ನು ಮುಗಿಸಲಾಗದು. ಅಭಿಮಾನ ಎಷ್ಟೇ ದೊಡ್ಡದಿರಲಿ, ಆ ಹನ್ನೊಂದು ಮನೆಗಳಿಗೆ ಅದು ಉತ್ತರವಾಗದು.

ಕೊನೆಯ ಮಾತು

ಅಂಚೆ ಕಾರ್ಡಿನ ಕಥೆ ಇನ್ನೂ ಸ್ವಲ್ಪ ಉಳಿದಿದೆ. ಬೊಂಬಾಯಿಯ ಅಣ್ಣ ಉತ್ತರ ಬರೆದಿದ್ದರು: ‘ನಿನ್ನ ಮಾತು ಸರಿಯಾಯಿತು. ಆದರೆ ಮುಂದಿನ ವರ್ಷ ನೋಡು.’ 1974-75ರ ಅಂತಿಮ ಪಂದ್ಯದಲ್ಲಿ ಬೊಂಬಾಯಿ ಕರ್ನಾಟಕವನ್ನೇ ಸೋಲಿಸಿ ಟ್ರೋಫಿಯನ್ನು ಮರಳಿ ಪಡೆಯಿತು. ಅದರ ಮುಂದಿನ ಎರಡು ವರ್ಷವೂ ಗೆದ್ದಿತು. 1977-78ರಲ್ಲಿ ಟ್ರೋಫಿ ಮತ್ತೆ ಕರ್ನಾಟಕಕ್ಕೆ ಬಂತು. ಒಂದು ಗೆಲುವಿನಿಂದ ಬಲಾಬಲ ಬುಡಮೇಲಾಗಲಿಲ್ಲ. ಆದರೆ ಬೊಂಬಾಯಿಯನ್ನು ಸೋಲಿಸಬಹುದೆಂದು ಎಲ್ಲರಿಗೂ ತಿಳಿಯಿತು, ಅಷ್ಟೇ ಸಾಕಾಗಿತ್ತು. ಕರ್ನಾಟಕ 2014-15ರ ವರೆಗೆ ಒಟ್ಟು ಎಂಟು ಸಲ ರಣಜಿ ಗೆದ್ದಿದೆ. ಮೊದಲನೆಯದಿಲ್ಲದೆ ಉಳಿದ ಏಳು ಬರುತ್ತಿದ್ದವೇ?

ನಮ್ಮ ಕಡೆಯ ಇನ್ನೊಂದು ನಿದರ್ಶನವನ್ನೂ ನೆನಪಿಸಿಕೊಳ್ಳಿ. 2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ನೂರು ಮೀಟರಿಗೆ ಇಳಿಸಿದಾಗ 9.55 ಸೆಕೆಂಡು ಎಂದು ಪತ್ರಿಕೆಗಳು ಬರೆದವು, ಜಗತ್ತು ಬೆರಗಾಯಿತು. ಕೋಣಗಳ ಎಳೆತದೊಡನೆ ಕೆಸರಿನಲ್ಲಿ ಓಡುವುದನ್ನು ಒಲಿಂಪಿಕ್ ಓಟಕ್ಕೆ ಹೋಲಿಸುವುದು ಸರಿಯಲ್ಲ, ಅದಿರಲಿ. ಇಂಥದ್ದು ಮತ್ತೆ ಆಗದು ಎಂದು ಹಲವರು ತಿಳಿದರು. ಹದಿನೈದೇ ದಿನಗಳಲ್ಲಿ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರು ಅದೇ ಲೆಕ್ಕದಲ್ಲಿ 9.51ಕ್ಕೆ ಓಡಿದರೆಂದು ವರದಿಯಾಯಿತು. ಹೊರಗಿನವರಿಗೆ ಅದು ಇನ್ನೊಂದು ಪವಾಡ. ಕರೆಯ ಬದಿಯಲ್ಲಿ ವರ್ಷಗಟ್ಟಲೆ ನಿಂತವರಿಗೆ, ಅಂಥ ಓಟಗಾರರು ಒಬ್ಬರೇ ಅಲ್ಲ ಎಂಬುದು ಮೊದಲೇ ಗೊತ್ತಿತ್ತು. ಅವರು ಹೇಳಿರಲಿಲ್ಲ ಅಷ್ಟೇ.

ಆದ್ದರಿಂದ ಮಿತ್ರರೇ, ಮುಂದಿನ ಸಲ ಬಲಹೀನರೆನಿಸಿದ ತಂಡವೊಂದು ಮುಂದೆ ಹೋದೀತೆಂದು ನಿಮಗೆ ಅನಿಸಿದರೆ, ಹೇಳಲು ಹಿಂಜರಿಕೆಯಾದರೂ ಒಂದು ಚೀಟಿಯಲ್ಲಿ ಬರೆದಿಡಿ. ಮೂರು ವಿಷಯ ಬರೆಯಿರಿ: ನಿಮ್ಮ ಆಸೆ ಏನು, ಹಳೆಯ ಅಂಕಿಅಂಶ ಏನು ಹೇಳುತ್ತದೆ, ನಿಮ್ಮ ಕಣ್ಣಿಗೆ ಕಂಡ ಗುರುತು ಯಾವುದು. ಮೂರನ್ನೂ ಬೇರೆಬೇರೆಯಾಗಿ ಬರೆಯಿರಿ, ಒಂದರ ಜಾಗದಲ್ಲಿ ಇನ್ನೊಂದನ್ನು ಇಡಬೇಡಿ. ನೂರಕ್ಕೆ ಎಷ್ಟು ಎಂದೂ ಬರೆಯಿರಿ. ಪಂದ್ಯ ಮುಗಿದ ಮೇಲೆ ತೆಗೆದು ಓದಿ. ಆಟದಲ್ಲಿ ಮಾಡಿದ ಈ ಅಭ್ಯಾಸ ಪರೀಕ್ಷೆಗೆ, ಉದ್ಯೋಗಕ್ಕೆ, ಚುನಾವಣೆಯ ಸುದ್ದಿ ಓದುವುದಕ್ಕೂ ಉಪಯೋಗವಾಗುತ್ತದೆ.

ಮಾವನಿಗೆ ಈಗ ಎಪ್ಪತ್ತು ದಾಟಿದೆ. ಕಳೆದ ಸಲ ಬೆಳ್ತಂಗಡಿಗೆ ಹೋದಾಗ, ಅಂದು ಕಾರ್ಡು ಬರೆಯುವಾಗ ನೂರಕ್ಕೆ ಎಷ್ಟು ಎಂದುಕೊಂಡಿದ್ದಿರಿ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ‘ನಲವತ್ತು’ ಎಂದರು. ಐವತ್ತಕ್ಕಿಂತ ಕಡಿಮೆಯಾದರೆ ಏಕೆ ಬರೆದಿರಿ ಎಂದೆ. ‘ಉಳಿದವರೆಲ್ಲ ಸೊನ್ನೆ ಅಂದಿದ್ದರಲ್ಲ’ ಎಂದರು.